ನಿಮ್ಮ ಪ್ಯಾರಿಸಿನ ಮಾತು ನನಗೂ ಬಂತು

ಮೂಡಲಗಿ
14 ಸೆಪ್ಟೆಂಬರ್ 2024

ನಮ್ಮ ಮನೆಯವರಿಗೆ ನಂದಾ ಮಾಡುವ ಶರಣು.

ಇಲ್ಲಿ ಎಲ್ಲರೂ ಆರಾಮ. ಫೋನಿರುವಾಗ ಕಾಗದ ಯಾಕೆ ಅನ್ನುತ್ತೀರೇನೋ. ಘಟಪ್ರಭಾದ ಉಮೇಶ ಪ್ಯಾರಿಸಿಗೆ, ನೀವು ಅಡಿಗೆ ಮಾಡುವ ಹೋಟೆಲಿಗೇ ಕೆಲಸಕ್ಕೆ ಹೊರಟಿದ್ದಾನೆ. ಅವನ ಕೈಯಲ್ಲಿ ಕರದಂಟು ಕಳಿಸುತ್ತಿದ್ದೇನೆ, ಜೊತೆಗೆ ಇದು. ಬರೆಯಬೇಕು ಬರೆಯಬೇಕು ಅಂತಲೇ ಶ್ರಾವಣ ಕಳೆಯಿತು, ಸಿಟ್ಟಾಗಬೇಡಿ.

ಒಂದು ಸುದ್ದಿ ಮುಚ್ಚಿಟ್ಟಿದ್ದೆ. ಯುಗಾದಿಯಿಂದ ನಾನು ಮೊಬೈಲಿನಲ್ಲಿ ಫ್ರೆಂಚ್ ಕಲಿಯುತ್ತಿದ್ದೇನೆ! ದೀಪಾವಳಿಗೆ ಬಂದಾಗ ಬಾಗಿಲಲ್ಲೇ ಮಾತಾಡಿಸಿ ನಿಮ್ಮನ್ನು ದಂಗುಬಡಿಸಬೇಕು ಅಂದುಕೊಂಡಿದ್ದೆ. ಮೊದಲು ಪುಸ್ತಕದ ಭಾಷೆ ಬಾಯಿಪಾಠ ಮಾಡಿದೆ. ಆಮೇಲೆ ಗೊತ್ತಾಯಿತು, ಅಲ್ಲಿಯ ಮಂದಿ ಹಾಗೆ ಮಾತಾಡುವುದೇ ಕಡಿಮೆ. ನಾವು 'ಆರಾಮಾ?' ಅಂದಂತೆ ಅವರು 'ಸಾ ವಾ?' ಅಂದು ಮುಗಿಸುತ್ತಾರೆ. ಅಷ್ಟಕ್ಕಷ್ಟೇ ಅನ್ನಲು ತುಟಿ ಉಬ್ಬಿಸಿ 'ಬೊಫ್'. ಮೊನ್ನೆ ಅತ್ತೆ "ಪಲ್ಯ ಹೆಂಗಾಗೇತಿ?" ಅಂದರು. ನಾನು 'ಬೊಫ್' ಅಂದೆ. "ಯಾಕವಾ, ಖಾರ ಹೆಚ್ಚಾತೇನ? ನೀರ ಕುಡಿ" ಎಂದು ತಂಬಿಗೆ ಕೊಟ್ಟರು.

ಅಲ್ಲಿ ಗಂಡನನ್ನು ಮುದ್ದಿನಿಂದ 'ಮೊಂ ಶೂ', ಅಂದರೆ ನನ್ನ ಕೋಬಿಗಡ್ಡೆ, ಅನ್ನುತ್ತಾರಂತೆ. ಒಡಪಿನಲ್ಲಲ್ಲದೆ ನಿಮ್ಮ ಹೆಸರೆತ್ತದ ನನಗೆ ಈಗ ಸಂತೆಯಲ್ಲಿ ಕೋಬಿ ಕಂಡರೂ ನಾಚಿಕೆ. ಅತ್ತೆಗೆ ಹೇಳಿದರೆ, "ಹುಟ್ಟಿದಾಗ ಖರೇನ ಹಂಗ ಇದ್ದನವಾ, ದುಂಡಗ" ಎಂದು ಹೊಟ್ಟೆ ಹಿಡಿದು ನಕ್ಕರು.

ನೀವು ದಿನವೆಲ್ಲ ಆಡುವ ಮಾತು ನನ್ನ ಬಾಯಲ್ಲೂ ಬಂತಲ್ಲ ಅಂತ ನನಗೆ ಹಿಗ್ಗು. ಗೋವಿನಜೋಳ ಚೆನ್ನಾಗಿ ಬಂದಿದೆ. ಊರಿಗೆಲ್ಲ ಉಣಬಡಿಸಿ ನೀವು ಉಪವಾಸ ಇರಬೇಡಿ. ಅತ್ತೆ ಆಶೀರ್ವಾದ ಹೇಳಿದ್ದಾರೆ. ಬಸವಣ್ಣ ನಿಮ್ಮನ್ನು ತಣ್ಣಗಿಟ್ಟಿರಲಿ.

ನಿಮ್ಮ
ನಂದಾ

ತಾ.ಕ.: ಹೋದ ಭಾನುವಾರ ವಿಡಿಯೋ ಕಾಲಿನಲ್ಲಿ ನಿಮ್ಮ ರೂಮಿನ ಮೊರೊಕ್ಕೊದವ ಬಾಜೂ ನಿಂತು ಫ್ರೆಂಚಿನಲ್ಲಿ ಕೇಳಿದ, ಈ ದೀಪಾವಳಿಗೂ ಊರಿಗೆ ಹೋಗುವುದಿಲ್ಲವೆಂದು ಹೆಂಡತಿಗೆ ಹೇಳಿದೆಯಾ ಅಂತ. ನೀವು ನನ್ನನ್ನೇ ನೋಡುತ್ತ, ನಗುತ್ತ, 'ಎಲ್ ಪೀಜ್ ರ್ಯಾಂ' ಅಂದಿರಿ. ಆಕೆಗೆ ಏನೂ ತಿಳಿಯುವುದಿಲ್ಲ ಅಂತ. ನಾನೂ ನಕ್ಕೆ. ಬರಲಾಗದಿದ್ದರೆ ನಡೆದೀತು, ರಜೆ ನಿಮ್ಮ ಕೈಯಲ್ಲಿಲ್ಲ. ಆದರೆ ನನ್ನ ಮುಖ ನೋಡುತ್ತಲೇ ಹಾಗಂದಿರಲ್ಲ, ಅದಕ್ಕೆ ಬಹಳ ನೋವಾಯಿತು. ಅತ್ತೆ ಇನ್ನೂ ನಿಮ್ಮ ಹಾದಿ ಕಾಯುತ್ತಿದ್ದಾರೆ. ಅವರಿಗಾದರೂ ನೀವೇ ಹೇಳಿ, ಕನ್ನಡದಲ್ಲಿ.