ಅಳಿಸಿದ್ದೇವೆ ಎಂದಿದ್ದರು

ಮಾರ್ಚ್ 3, ಸೋಮವಾರ

ಬೆಳಿಗ್ಗೆಯಿಂದ ಕನ್ನಡಕದಂಗಡಿಯಲ್ಲಿ ಹನ್ನೊಂದು ಜೊತೆ ಲೆನ್ಸ್ ಉಜ್ಜಿದೆ. ಎರಡು ಫ್ರೇಮಿಗೆ ಕೂರಲಿಲ್ಲ, ಮತ್ತೆ ಉಜ್ಜಿದೆ. ಮಧ್ಯಾಹ್ನ ಅಕ್ಕ ಕಟ್ಟಿಕೊಟ್ಟ ಡಬ್ಬಿ ತೆರೆಯುವಾಗ ಮೇಲ್ ಬಂತು. ಎರಡು ವರ್ಷದ ಹಿಂದೆ ಫೋನಿನಲ್ಲಿ, ಒಂದು ಆ್ಯಪ್ ಮೂಲಕ ಕೌನ್ಸೆಲಿಂಗ್ ಮಾಡಿಸಿಕೊಂಡಿದ್ದೆನಲ್ಲ, ಆ ಕಂಪನಿಯದು. ‘ನಿಮ್ಮ ಕೆಲವು ಮಾಹಿತಿ ಅನ್ಯರ ಕೈ ಸೇರಿರುವ ಸಾಧ್ಯತೆ ಇದೆ. ಆತಂಕಪಡುವ ಅಗತ್ಯವಿಲ್ಲ.’

ಹೆಸರು, ಫೋನ್ ನಂಬರ್ ಹೋಗಿರಬೇಕು, ಅಷ್ಟೇ. ಆಡಿದ ಮಾತೆಲ್ಲ ಆಗಲೇ ಅಳಿಸಿಯಾಗಿದೆ. ಕೌನ್ಸೆಲಿಂಗ್ ಬಿಡುವಾಗ ನಾನೇ ಪಟ್ಟು ಹಿಡಿದು ಅಳಿಸಿ ಹಾಕಿಸಿದ್ದೆ. ಪಾಸ್‌ವರ್ಡ್ ಬದಲಿಸಿದೆ. ಊಟ ಮುಗಿಸಿದೆ.

ಮಾರ್ಚ್ 5, ಬುಧವಾರ

ಯಾರೋ ಗೊತ್ತಿಲ್ಲದವನ ಮೇಲ್. ಒಳಗೆ ನನ್ನದೇ ಮಾತು, ಕೌನ್ಸೆಲರ್ ಟೈಪ್ ಮಾಡಿಟ್ಟದ್ದು — ‘ಅಕ್ಕನಿಗೆ ಮಕ್ಕಳಾಗದ್ದೇ ಒಳ್ಳೆಯದಾಯಿತು. ಆಗಿದ್ದರೆ ಅವೂ ನನ್ನ ಹಾಗೇ ಉಸಿರುಗಟ್ಟುತ್ತಿದ್ದವು.’ ಸೋಮವಾರದೊಳಗೆ ಹಣ ಹಾಕದಿದ್ದರೆ ಮನೆಯವರಿಗೆ ಕಳಿಸುತ್ತಾನಂತೆ.

ಆಮೇಲೆ ಉಜ್ಜಿದ ಮೊದಲ ಲೆನ್ಸೇ ಬಿರುಕು ಬಿಟ್ಟಿತು.

ಅಮ್ಮ ಹೋದಾಗ ನನಗೆ ಆರು ವರ್ಷ, ಅಕ್ಕನಿಗೆ ಇಪ್ಪತ್ತು. ಸಾಕಿದವಳು ಅವಳೇ. ಇಂದಿಗೂ ಇರುವುದು ಅವಳ ಮನೆಯಲ್ಲೇ. ಆ ಮಾತಾಡಿದ ದಿನ, ನನ್ನನ್ನು ಒಂದು ಮಾತೂ ಕೇಳದೆ ಯಾವುದೋ ಸಂಬಂಧಕ್ಕೆ ಹೂಂ ಎಂದು ಬಂದಿದ್ದಳು. ಸಿಟ್ಟು ನೆತ್ತಿಗೇರಿತ್ತು. ಅಂದುಬಿಟ್ಟೆ.

“ಇದು ಈ ನಾಲ್ಕು ಗೋಡೆ ದಾಟಲ್ಲ” ಎಂದಿದ್ದಳು ಕೌನ್ಸೆಲರ್. ಫೋನಿಗೆ ಗೋಡೆ ಎಲ್ಲಿಂದ ಬಂತು ಎಂದು ಆಗ ಹೊಳೆಯಲೇ ಇಲ್ಲ.

ಮಾರ್ಚ್ 6, ಗುರುವಾರ

ಕಂಪನಿಗೆ ಫೋನ್. ನಲವತ್ತು ನಿಮಿಷ ಸಂಗೀತ ಕೇಳಿಸಿದರು. ಆಮೇಲೆ ಒಬ್ಬಳು ಸಿಕ್ಕಳು.

“ಅದು ಬ್ಯಾಕಪ್‌ನಲ್ಲಿ ಉಳಿದಿರಬಹುದು ಮೇಡಂ.”

“ಪೂರ್ತಿ ಅಳಿಸಿದ್ದೀವಿ ಅಂತ ನೀವೇ ಬರೆದಿದ್ರಲ್ಲ?”

“ಆ್ಯಪ್‌ನಿಂದ ಅಳಿಸಿದ್ವಿ ಮೇಡಂ.”

ಕಳವಾದದ್ದು ಯಾವಾಗ ಎಂದೆ. “ಜನವರಿಯಲ್ಲೇ...” ಎಂದು ಬಾಯಿತಪ್ಪಿ ಅಂದವಳು ಮತ್ತೆ ಸಂಗೀತ ಹಾಕಿದಳು. ಎರಡು ತಿಂಗಳು ಗೊತ್ತಿದ್ದೂ ಬಾಯಿ ಹೊಲಿದುಕೊಂಡು ಕೂತಿದ್ದರು. ಕದ್ದವನ ಮೇಲೆ ಇಷ್ಟು ಸಿಟ್ಟಿಲ್ಲ ನನಗೆ. ಅವನು ‘ನನ್ನನ್ನು ನಂಬಿ’ ಎಂದೇನೂ ಹೇಳಿರಲಿಲ್ಲ.

ಮಾರ್ಚ್ 7, ಶುಕ್ರವಾರ

ಅಂಗಡಿಯ ಹಳೇ ಗಿರಾಕಿ ವಕೀಲಮ್ಮ ತಮ್ಮ ಓದುವ ಕನ್ನಡಕ ತೆಗೆದುಕೊಂಡು ಹೋಗಲು ಬಂದರು. ನನ್ನ ಮುಖ ನೋಡಿ, ಏನಾಯ್ತು ಎಂದರು. ಹೇಳಿದೆ.

“ಹಣ ಮಾತ್ರ ಹಾಕ್ಬೇಡಿ. ಒಂದ್ಸಲ ಕೊಟ್ರೆ ಮತ್ತೆ ಬರ್ತಾನೆ. ಅವನ ಮೇಲ್ ಹಾಗೇ ಇಟ್ಕೊಳ್ಳಿ, ಇವತ್ತೇ ಪೊಲೀಸರಿಗೆ ದೂರು ಕೊಡಿ. ಕಂಪನಿಗೆ ಫೋನ್ ಬೇಡ, ಬರೆದು ಕೇಳಿ. ನನ್ನದು ಏನೇನು ಹೋಯ್ತು, ನಿಮಗೆ ಯಾವತ್ತು ಗೊತ್ತಾಯ್ತು ಅಂತ. ಅದು ನಿಮ್ಮ ಹಕ್ಕು. ಹಾರಿಕೆ ಉತ್ತರ ಕೊಟ್ರೆ ಡೇಟಾ ರಕ್ಷಣೆಯ ಕಚೇರಿಗೆ ಹೋಗೋಣ. ಅಳಿಸಿದ್ದೀವಿ ಅಂದ ಆ ಹಳೇ ಮೇಲ್ ಇದೆಯಾ?”

ಇತ್ತು. ತೋರಿಸಿದೆ. ಹೊಸ ಕನ್ನಡಕದಲ್ಲೇ ಎರಡು ಸಲ ಓದಿದರು.

“ಇದಿದ್ರೆ ಅವರು ಜಾರಿಕೊಳ್ಳೋಕಾಗಲ್ಲ. ಆದ್ರೆ ಎಲ್ಲಕ್ಕಿಂತ ಮೊದ್ಲು ಅಕ್ಕನಿಗೆ ನೀವೇ ಹೇಳ್ಬಿಡಿ. ಆಮೇಲೆ ಅವನ ಹತ್ರ ಹೆದರಿಸೋಕೆ ಏನೂ ಉಳಿಯಲ್ಲ.”

ಪೊಲೀಸರಿಗೆ ದೂರು ಕೊಟ್ಟೆ. ಕಂಪನಿಗೆ ಬರೆದೆ. ಅಕ್ಕನಿಗೆ — ನಾಳೆ.

ಮಾರ್ಚ್ 8

ನಾಳೆ.

ಮಾರ್ಚ್ 9, ಭಾನುವಾರ, ಸಂಜೆ 5

ಹೇಳಿದೆ. ಅಕ್ಕ ಬಟ್ಟೆ ಮಡಚುತ್ತಿದ್ದಳು. ಕೈ ನಿಲ್ಲಲಿಲ್ಲ.

“ಬುಧವಾರಾನೇ ಬಂತು ನಂಗೆ.”

ಗಡುವಿಗೂ ಕಾದಿಲ್ಲ ಅವನು. ತುರ್ತಿಗೆ ಯಾರಿಗೆ ತಿಳಿಸಬೇಕು ಎಂದು ಆ್ಯಪ್ ಕೇಳಿದಾಗ ಅಕ್ಕನ ಮೇಲ್ ವಿಳಾಸ ಕೊಟ್ಟವಳು ನಾನೇ. ಅಂದರೆ ಗುರುವಾರ, ಶುಕ್ರವಾರ, ಶನಿವಾರ... ಎಲ್ಲ ಗೊತ್ತಿದ್ದೂ ಡಬ್ಬಿ ಕಟ್ಟಿದ್ದಾಳೆ.

“ಯಾಕೆ ಕೇಳ್ಲಿಲ್ಲ?”

“ನೀನಾಗೇ ಹೇಳ್ತೀಯೇನೋ ಅಂತ ಕಾದೆ.” ನನ್ನ ದುಪಟ್ಟಾ ಮಡಚಿ ಬದಿಗಿಟ್ಟಳು. “ಯಾರೋ ಗುರುತಿಲ್ಲದೋಳಿಗೆ ಹೇಳ್ದೆ. ನನ್ನ ಮುಖಕ್ಕೇ ಅಂದಿದ್ರೆ ಜಗಳ ಆಡಿ ಮುಗಿಸ್ಬಹುದಿತ್ತು.”

ಕ್ಷಮಿಸು ಎಂದೆ. ಮಡಚಿದ ಬಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಮಾರ್ಚ್ 17, ಸೋಮವಾರ

ಡಬ್ಬಿ ನಾನೇ ಕಟ್ಟಿಕೊಳ್ಳುತ್ತಿದ್ದೇನೆ.

ಕಂಪನಿಯ ಉತ್ತರ ಬಂತು. ‘ವಿಷಾದಿಸುತ್ತೇವೆ.’ ಒಂದು ವರ್ಷ ಉಚಿತ ಕೌನ್ಸೆಲಿಂಗ್ ಕೊಡುತ್ತಾರಂತೆ. ಇವರೇ. ನಾನು ಮುಂದೆ ಯಾವ ದೂರೂ ಕೊಡುವುದಿಲ್ಲ ಎಂದು ಕೆಳಗೆ ಸಹಿ ಹಾಕಬೇಕಂತೆ. ವಕೀಲಮ್ಮನಿಗೆ ಓದಿ ಹೇಳಿದೆ. “ಸಹಿ ಹಾಕಿದ್ರೆ ನಿಮ್ಮ ಕೈ ನೀವೇ ಕಟ್ಕೊಂಡ ಹಾಗೆ” ಎಂದರು. ಹಾಕಲಿಲ್ಲ.

ಮಾರ್ಚ್ 22, ಶನಿವಾರ

ಡೇಟಾ ಕಚೇರಿಯ ಫಾರಂ ಊಟದ ಮೇಜಿನ ಮೇಲೆ ಹರಡಿಕೊಂಡು ಕೂತಿದ್ದೆ. ಅಕ್ಕ ಬಂದು ಎದುರಿನ ಕುರ್ಚಿ ಎಳೆದುಕೊಂಡಳು. ಹದಿಮೂರು ದಿನದ ಮೇಲೆ ಎದುರಿಗೆ.

“ನಾನೂ ದೂರು ಕೊಡ್ಬಹುದಾ?”

“ನನ್ನ ಮೇಲಾ?” ಎಂದೆ. ಅವಳು ನಗಲಿಲ್ಲ.

ವಕೀಲಮ್ಮನಿಗೆ ಫೋನ್ ಮಾಡಿ ಕೇಳಿದೆ. ಕೊಡಬಹುದಂತೆ. ಅಕ್ಕನ ವಿಳಾಸವೂ ಸೋರಿದೆಯಲ್ಲ, ಅವಳ ಹಕ್ಕು ಅವಳದೇ. ಇನ್ನೊಂದು ಫಾರಂ ಪ್ರಿಂಟ್ ಹಾಕಿಸಿ ತಂದೆ. ‘ಆದ ಹಾನಿಯನ್ನು ವಿವರಿಸಿ’ ಎಂಬಲ್ಲಿ ಅಕ್ಕ ಪೆನ್ನು ಊರಿದಳು. ಒಂದೇ ಸಾಲು ಬರೆದು ನನ್ನ ಕಡೆ ತಿರುಗಿಸಿದಳು.

‘ಆ ಬುಧವಾರದಿಂದ ನಾನು ನನ್ನ ಮನೆಯಲ್ಲಿ ದನಿಯೆತ್ತಿ ಮಾತಾಡಿಲ್ಲ.’

ಓದಿದೆ. ಮತ್ತೆ ಓದಿದೆ.

“ನೀನೇನು ಬರೀತೀಯ?” ಎಂದಳು.

ನನ್ನದು ಖಾಲಿ. ಫಾರಂ ಬದಿಗಿಟ್ಟು ಈ ಡೈರಿ ಎಳೆದುಕೊಂಡು ಕೂತಿದ್ದೇನೆ. ಅವಳಿನ್ನೂ ಎದ್ದಿಲ್ಲ, ಕಾಯುತ್ತಿದ್ದಾಳೆ. ಇಲ್ಲಿ ಬರೆಯುವುದನ್ನು ಬಿಟ್ಟು ಅವಳ ಮುಖ ನೋಡಿಕೊಂಡೇ ಹೇಳುತ್ತೇನೆ.