ಮೆಟ್ಟಿಲು ಹೊತ್ತ ನಾಲ್ಕನೆಯವನು

ಎಲೆಕ್ಟ್ರಾ ಸ್ಟ್ರೀಟ್, ಅಬುಧಾಬಿ
12 ಅಕ್ಟೋಬರ್ 2017

ನನ್ನ ಬಂಗಾರದ ಲವಿನಾ,

ಹೇಗಿದ್ದೀ ಮಗಾ? ಮದುವೆಯ ಓಡಾಟದಲ್ಲಿ ಊಟ ಬಿಡಬೇಡ. ಅಮ್ಮನ ಮಂಡಿನೋವು ಹೇಗುಂಟು? ನಾನು ಗುಂಡುಕಲ್ಲಿನ ಹಾಗಿದ್ದೇನೆ. ಜಿಪ್ಸಂ ಕೆಲಸದಲ್ಲಿ ಈ ಪಾಸ್ಕಲನನ್ನು ಮೀರಿಸುವವನು ಎಮಿರೇಟ್ಸಿನಲ್ಲಿ ಇನ್ನೂ ಹುಟ್ಟಿಲ್ಲ.

ಆರನೇ ಕ್ಲಾಸಿಗೆ ಶಾಲೆ ಬಿಟ್ಟ ನಿನ್ನ ದೊಡ್ಡಪ್ಪ ಇಲ್ಲಿ ಒಂದು ವಿಯೆನ್ನಾ ಅರಮನೆಯನ್ನೇ ಎಬ್ಬಿಸಿದ್ದಾನೆ, ಮರೆಯಬೇಡ! ವಿಯೆನ್ನಾದ ಅಸಲಿ ಅರಮನೆಗೆ ಮುನ್ನೂರು ವರ್ಷ. ಕಟ್ಟಿಸಿದ ರಾಜಕುಮಾರನ ಹೆಸರೂ ಯುಜಿನ್, ತೀರಿಹೋದ ನಿನ್ನ ಅಪ್ಪನದೇ. ಅಲ್ಲಿಯ ಗಲ್ಲಿ ಬಹಳ ಇಕ್ಕಟ್ಟು, ಎದುರು ನಿಂತರೆ ಅರಮನೆ ಪೂರ್ತಿ ಕಾಣುವುದಿಲ್ಲವೆಂದು ನಮ್ಮ ಎಂಜಿನಿಯರ್ ಪುಸ್ತಕ ನೋಡಿ ಹೇಳಿದ್ದ. ಅದಕ್ಕೇ ಇರಬೇಕು, ವೈಭವವನ್ನೆಲ್ಲ ಒಳಗಿನ ಮೆಟ್ಟಿಲಿಗೆ ಸುರಿದಿದ್ದಾರೆ: ನಾಲ್ಕು ದೈತ್ಯರು ಕುತ್ತಿಗೆ ಬಗ್ಗಿಸಿ ಅದನ್ನು ಹೊತ್ತಿದ್ದಾರೆ. ನಮ್ಮ ಅರಬಿ ಯಜಮಾನರಿಗೂ ಅದೇ ಬೇಕಿತ್ತು. ಅಲ್ಲಿ ಕಲ್ಲು, ಇಲ್ಲಿ ನನ್ನ ಜಿಪ್ಸಂ. ಭಾರವೆಲ್ಲ ಒಳಗಿನ ಕಬ್ಬಿಣದ್ದು, ನರಳುವ ಮುಖ ಮಾತ್ರ ದೈತ್ಯರದ್ದು. ಆ ರಾಜಕುಮಾರನಿಗೆ ಮಕ್ಕಳಿರಲಿಲ್ಲ, ಅಣ್ಣನ ಮಗಳು ಎಲ್ಲವನ್ನೂ ಮಾರಿದಳಂತೆ. ನನಗೂ ಮಕ್ಕಳಿಲ್ಲ. ನೀನು ಮಾರಲಿಕ್ಕೆ ಒಂದು ಹಳೇ ಟ್ರಂಕು ಇಟ್ಟಿದ್ದೇನೆ!

ನಾಲ್ಕನೇ ದೈತ್ಯನ ಮುಖ ನನ್ನದೇ ಎಂದು ನಾನು ಫೋಟೋ ಕಳಿಸಿದಾಗ, ನೀನು "ದೊಡ್ಡಪ್ಪ, ಸೋ ಹ್ಯಾಂಡ್ಸಮ್!" ಅಂದಿದ್ದೆ. ಈಗ ಬರೆದಿದ್ದೀ: "ಅಲ್ಲಿ ಎಸಿ ಆಫೀಸಿನಲ್ಲಿ ಕೂತ ಅಪ್ಪನಿಗೆ ನನ್ನ ನರ್ಸಿಂಗ್ ಪದವಿಯ ದಿನಕ್ಕೂ ರಜೆ ಸಿಗಲಿಲ್ಲ. ಮದುವೆಯ ಮುಂಚಿನ ರೋಸ್ ಶಾಸ್ತ್ರದಲ್ಲಿ ತೆಂಗಿನ ಹಾಲು ಹಚ್ಚುವಾಗ ಅವರ ಫೋಟೋ ನನ್ನೆದುರು ಬೇಡ." ಓದಿ ಮಡಚಿಟ್ಟೆ, ಮತ್ತೆ ಬಿಚ್ಚಿದೆ. ಇರಲಿ.

ದೇವರು ನಿನ್ನ ಹೊಸ ಮನೆಯನ್ನು ನಗುವಿನಿಂದ ತುಂಬಲಿ. ಅಮ್ಮನಿಗೆ ನನ್ನ ನೆನಪು ಹೇಳು.

ನಿನ್ನ ದೊಡ್ಡಪ್ಪ,
ಪಾಸ್ಕಲ್

ತಾ.ಕ.: ಈ ಪತ್ರದ ಜೊತೆ ನಿನಗೊಂದು ಪೆಟ್ಟಿಗೆ ತರುವ ಹಾಶಿಮ್ ಬಾಗಿಲಲ್ಲಿ ನಿಂತಿದ್ದಾನೆ. ಆಫೀಸು ಸುಳ್ಳು ಮಗಾ. ಊರಲ್ಲಿ ಜಂಬ ಕೊಚ್ಚಿದ್ದು ನಾನು. ನಿನ್ನ ಅಪ್ಪ ಕೊನೆಯವರೆಗೂ ನನ್ನ ಜೊತೆ ಜಿಪ್ಸಂ ಉಜ್ಜಿದ, ಆ ಧೂಳು ಎದೆಗಿಳಿದು ಕೆಮ್ಮು ಹಿಡಿಯಿತು. ನಿನ್ನ ಪದವಿಯ ದಿನಕ್ಕೆ ಟಿಕೆಟ್ ಅವನ ಕೈಯಲ್ಲಿತ್ತು. ನೀನು ನರ್ಸು, ಆ ಕೆಮ್ಮು ಕೇಳಿದರೆ ನನ್ನ ಸುಳ್ಳು ಬಯಲಾದೀತೆಂದು "ಸ್ವಲ್ಪ ಗುಣವಾಗಲಿ" ಎಂದು ತಡೆದವನು ನಾನೇ. ಆ ದೈತ್ಯನ ಮುಖವೂ ಅವನದೇ, ಗಡ್ಡ ಅಂಟಿಸಿದ್ದಕ್ಕೆ ನಿನಗೆ ಗುರುತು ಸಿಗಲಿಲ್ಲ. ಒಂದು ಶುಕ್ರವಾರ ತಮಾಷೆಗೆ ಅವನ ಮುಖದ ಅಚ್ಚು ತೆಗೆದದ್ದು. ಉಸಿರಾಡಲಿಕ್ಕೆ ಮೂಗಿಗೆ ಸ್ಟ್ರಾ ಇಡುವ ಮೊದಲು, "ಯಲ್ಲಾ ಅಣ್ಣಾ, ಬೇಗ ಮುಗಿಸು ಮಾರಾಯ, ಮೊದಲೇ ಉಸಿರಿಲ್ಲ" ಎಂದು ನಕ್ಕಿದ್ದ. ಪೆಟ್ಟಿಗೆಯಲ್ಲಿ ಆ ರಬ್ಬರ್ ಅಚ್ಚು ಉಂಟು. ಪ್ಲಾಸ್ಟರ್ ಕಲಸುವುದನ್ನು ನಿನಗೆ ಕಲಿಸಬೇಕಿಲ್ಲ. ಅಚ್ಚಿಗೆ ಸುರಿದು ಅರ್ಧ ಗಂಟೆ ಬಿಡು, ಗಟ್ಟಿಯಾಗುತ್ತಾ ಅದು ಬಿಸಿಯೇರುತ್ತದೆ. ತೆಗೆಯುವಾಗ ಅಪ್ಪನ ಕೆನ್ನೆ ಬೆಚ್ಚಗಿರುತ್ತದೆ, ಹೆದರಬೇಡ.