ಕೆಂಪು ಕೊಂಡಿ

ಹದಿಮೂರನೆಯ ತಿಂಗಳು, ೨೨೧೩
ಸಂಡೂರಿನ ಗುಡ್ಡಗಳು

ನನಗಿಂತ ಎರಡು ಶತಮಾನ ಹಿಂದೆ ಕುಳಿತು ಗುಡ್ಡದ ಗಾಡಿಗಳನ್ನು ರೂಪಿಸುತ್ತಿರುವವರೇ,

ತಿಂಗಳ ಲೆಕ್ಕ ತಪ್ಪಿಲ್ಲ. ಅದಿರಿನ ಮಣ್ಣು ಮಳೆಗೆ ಕರಗಿ ದಾರಿಗಿಳಿಯುವ ಕಾಲವನ್ನು ನಾವು ಕೆಂಗಾಲವೆನ್ನುತ್ತೇವೆ. ಅದಕ್ಕೆಂದೇ ಬೇರೆ ತಿಂಗಳಿದೆ. ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಾನು ಓದಿದ್ದು ಇಂಗ್ಲಿಷಿನಲ್ಲಿ, ಕನ್ನಡದಲ್ಲಿ ಕಾಗದ ಬರೆದು ರೂಢಿಯಿಲ್ಲ.

ಇಲ್ಲಿ ಊರಿಗೆಲ್ಲ ಒಂದೇ ಗಾಡಿ, ಊರ್ಗಾಡಿ. ಹಳೆಯದಕ್ಕೆ ಸಪಾಟಾದ ತಗಡಿನ ಮೈ, ದುಂಡನೆಯ ಎರಡು ದೀಪ, ಹಗ್ಗ ಕಟ್ಟಿ ಎಳೆಯಲು ಹಿಂದೆ ಮುಂದೆ ಕಬ್ಬಿಣದ ಕೊಂಡಿ. ಬಾನೆಟ್ಟಿನ ಮೇಲೆ ಹೆಂಗಸರು ಮೆಣಸಿನಕಾಯಿ ಒಣಗಿಸುತ್ತಿದ್ದರು. ಅದನ್ನು ಯಾರೂ ಚೆಂದವೆಂದು ಹೊಗಳಲಿಲ್ಲ. ಗಾಡಿ ಕೆಸರಲ್ಲಿ ಹೂತುಹೋದರೆ ಮನೆಗೊಬ್ಬರು ಹಗ್ಗ ಹಿಡಿದು ಓಡಿಬರಬೇಕು. ಬಾರದ ಮನೆಯವರನ್ನು ಮದುವೆಗೂ ಕರೆಯುವುದಿಲ್ಲ.

ಹೋದ ವರ್ಷ ಅದರ ಮೋಟಾರು ಸುಟ್ಟುಹೋಗಿ ಹೊಸ ಗಾಡಿಯೇ ಬಂತು. ಹುಬ್ಬು ಗಂಟಿಕ್ಕಿದಂಥ ಮುಖ, ಮೈತುಂಬ ಮಡಿಕೆ, ಸಾಲುದೀಪ, ಮುಂದುಗಡೆ ದಪ್ಪನೆಯ ಎರಡು ಕೆಂಪು ಕೊಂಡಿ. ಎಲ್ಲರಿಗೂ ಹಿಡಿಸಿತು, ನನಗೂ. ಪಕ್ಕದ ಮನೆಯ ಗಾದಿಲಿಂಗಪ್ಪಜ್ಜ ಮಾತ್ರ, “ಇದ್ಯಾಕ ಹಿಂಗ ಗುರಾಯಿಸ್ತೈತಿ? ನಾವೇನ್ ಮಾಡೀವಿ ಇದಕ್ಕ?” ಎಂದು ನಮ್ಮನ್ನೆಲ್ಲ ನಗಿಸಿದ.

ಈ ಕೆಂಗಾಲದಲ್ಲಿ ನನ್ನ ತಂಗಿ ಹೊನ್ನೂರಮ್ಮನಿಗೆ ಹೆರಿಗೆ ನೋವು ಶುರುವಾಯಿತು. ಆಸ್ಪತ್ರೆಗೆ ಹೊರಟ ಗಾಡಿ ಹಳ್ಳದ ಬಳಿ ಹೂತುಹೋಯಿತು. ಜನ ಓಡಿಬಂದರು, ಎರಡೂ ಕೆಂಪು ಕೊಂಡಿಗೆ ಹಗ್ಗ ಬಿಗಿದರು, ಒಂದೇ ದನಿಯಲ್ಲಿ ಕೂಗಿ ಎಳೆದರು. ಕೊಂಡಿಗಳೆರಡೂ ಕಿತ್ತು ಬಂದವು. ಅವು ಅಂಟಿಸಿದ ಪ್ಲಾಸ್ಟಿಕ್ಕು.

“ಏ, ಇದು ಬರೇ ತೋರಿಕೀದು ಐತಲೋ!” ಎಂದು ಯಾರೋ ನಕ್ಕರು. ಆಮೇಲೆ ಯಾರೂ ನಗಲಿಲ್ಲ. ಕೆಸರಿನೊಳಗೆ ಕೈಯಾಡಿಸಿದೆವು, ಸುತ್ತಲೂ ತಡಕಿದೆವು. ಆ ನುಣುಪು ಮೈಯಲ್ಲಿ ಹಗ್ಗ ಕಟ್ಟಲು ಎಲ್ಲಿಯೂ ಜಾಗವಿರಲಿಲ್ಲ.

“ಅಕ್ಕಾ, ಯಾಕ ಸುಮ್ನ ನಿಂತೀರಿ ಎಲ್ಲಾರು?” ಎಂದು ಒಳಗಿನಿಂದ ತಂಗಿ ಕೇಳಿದಳು.

ಊರಿನಿಂದ ಮಂಚ ತರಿಸಿ ಹೊತ್ತು ನಡೆದೆವು. ದಾರಿಯಲ್ಲೇ ತೀರಿಕೊಂಡಳು. ಮಗುವೂ ಉಳಿಯಲಿಲ್ಲ.

ಗಾಡಿ ಮೇಲೆದ್ದಿದ್ದರೆ ಬದುಕುತ್ತಿದ್ದಳೇ? ಹೇಳಲಾರೆ. ಸರಳವಾದದ್ದೆಲ್ಲ ಒಳ್ಳೆಯದೆಂದು ವಾದಿಸುವ ಧೈರ್ಯವೂ ನನಗಿಲ್ಲ. ಚೆಂದದ ಗಾಡಿಯ ಆಸೆ ನಮ್ಮೆಲ್ಲರದೂ ಆಗಿತ್ತು. ಆದರೆ ನಮ್ಮವರು ಇಂದಿಗೂ ಗಾಡಿ ಮಾಡುವುದು ನಿಮ್ಮ ಕಾಲದ ಚಿತ್ರಗಳನ್ನು ನೋಡಿಯೇ. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ. ಮುಖ ಹೇಗಾದರೂ ಇರಲಿ, ಕೊಂಡಿಯ ಜಾಗದಲ್ಲಿ ಕೊಂಡಿಯನ್ನೇ ಇಡಿ.

ಅಂದು ಎಳೆಯುವುದಕ್ಕೆ ಇಡೀ ಊರು ಬಂದಿತ್ತು.

ಹುಲಿಗೆಮ್ಮ